ದುಡಿಯುತ್ತಿದೆಯೋ, ಕಾಯುತ್ತಿದೆಯೋ?



ಕಂಪ್ಯೂಟರಿನಲ್ಲಿ ಲೆಕ್ಕ ಇಡುವವರ ಜೊತೆ ಇವತ್ತು ನನ್ನ ಮಾತು. ಸಹಕಾರ ಸಂಘದ ಗುಮಾಸ್ತರು, ಅಡಿಕೆ ಮಂಡಿಯ ರೈಟರು, ಶಾಲೆಯ ಸಂಬಳದ ಬಿಲ್ಲು ಮಾಡುವವರು, ಆಡಿಟರ ಕಚೇರಿಯಲ್ಲಿ ಕೂರುವ ಹುಡುಗ ಹುಡುಗಿಯರು, ನೀವೆಲ್ಲ ಎಕ್ಸೆಲ್ ಶೀಟು ಬಳಸುವವರು. ಈಚೆಗೆ ನಿಮ್ಮಲ್ಲಿ ಹಲವರಿಂದ ನಾನು ಕೇಳುತ್ತಿರುವುದು ಒಂದೇ ದೂರು. ಹೊಸ ವಿಂಡೋಸ್ ಹಾಕಿಸಿದ ಮೇಲೆ ಫೈಲು ಬೇಗ ತೆರೆಯುವುದಿಲ್ಲ. ಮೊದಲು ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತಿದ್ದ ಶೀಟು ಈಗ ಒಂದು ನಿಮಿಷ, ಎರಡು ನಿಮಿಷ ತೆಗೆದುಕೊಳ್ಳುತ್ತದೆ. ಪುಟ್ಟ ವೃತ್ತವೊಂದು ಪರದೆಯ ಮೇಲೆ ತಿರುಗುತ್ತಲೇ ಇರುತ್ತದೆ.

ಈ ದೂರು ಈಗಲೇ ಯಾಕೆ ಹೆಚ್ಚಾಯಿತು ಎನ್ನುವುದಕ್ಕೆ ಕಾರಣವಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆಫೀಸ್ 2016 ಮತ್ತು ಆಫೀಸ್ 2019ರ ಬೆಂಬಲ ಮುಗಿದದ್ದೂ ಅದೇ ದಿನ. ಹೀಗಾಗಿ ಅನೇಕ ಕಚೇರಿಗಳಲ್ಲಿ ವಿಂಡೋಸೂ ಬದಲಾಯಿತು, ಎಕ್ಸೆಲ್ ಕೂಡ ಬದಲಾಯಿತು. ಎರಡೂ ಒಂದೇ ವಾರದಲ್ಲಿ. 2014ರಲ್ಲಿ ಎಕ್ಸ್‌ಪಿ ನಿಂತಾಗ, 2020ರಲ್ಲಿ ವಿಂಡೋಸ್ 7 ನಿಂತಾಗ ಕೂಡ ಇದೇ ದೂರು ಇತ್ತು.

ಇಂಥ ಹೊತ್ತಿನಲ್ಲಿ ಬೈಗುಳ ತಿನ್ನುವವರು ಯಾರು? ಲೆಕ್ಕ ಬರೆಯುವವರು. ಬಿಲ್ಲು ತಡವಾಯಿತು ಎಂದು ಅವರನ್ನೇ ಕೇಳುತ್ತಾರೆ. ಆಮೇಲೆ ಯಾರೋ ರ‍್ಯಾಮ್ ಹಾಕಿಸಿ ಅನ್ನುತ್ತಾರೆ. ಇನ್ನೊಬ್ಬರು ಹೊಸ ಮೆಷೀನೇ ಕೊಳ್ಳಿ ಅನ್ನುತ್ತಾರೆ. ಸಂಘದ ದುಡ್ಡು ಖರ್ಚಾಗುತ್ತದೆ. ಫೈಲು ಮಾತ್ರ ನಿಧಾನವೇ. ನನಗೆ ಇದು ಬೇಸರದ ಸಂಗತಿ. ಯಾಕೆಂದರೆ ಬಹಳಷ್ಟು ಸಂದರ್ಭಗಳಲ್ಲಿ ಒಂದು ರೂಪಾಯಿಯೂ ಖರ್ಚಿಲ್ಲದೆ ಇದು ಸರಿಹೋಗುತ್ತದೆ. ಸರಿಯಾದ ಪ್ರಶ್ನೆ ಕೇಳಬೇಕು, ಅಷ್ಟೆ.

ಆ ಪ್ರಶ್ನೆ ಇದು. ಫೈಲು ತೆರೆಯುವ ಹೊತ್ತಿನಲ್ಲಿ ಕಂಪ್ಯೂಟರ್ ದುಡಿಯುತ್ತಿದೆಯೋ, ಇಲ್ಲಾ ಕಾಯುತ್ತಿದೆಯೋ?

ಇವೆರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಎರಡರಲ್ಲೂ ವೃತ್ತ ತಿರುಗುತ್ತದೆ. ಒಳಗೆ ಮಾತ್ರ ಪೂರಾ ಬೇರೆ. ದುಡಿಯುತ್ತಿದ್ದರೆ ಅದು ಲೆಕ್ಕ ಹಾಕುತ್ತಿದೆ, ಸಾವಿರಾರು ಸೂತ್ರಗಳನ್ನು ಮತ್ತೆ ಬಿಡಿಸುತ್ತಿದೆ. ಕಾಯುತ್ತಿದ್ದರೆ ಅದು ಏನೂ ಮಾಡುತ್ತಿಲ್ಲ. ಬೇರೆ ಯಾರನ್ನೋ ಏನೋ ಕೇಳಿದೆ, ಉತ್ತರ ಬಂದಿಲ್ಲ. ಮನೆ ಬದಲಿಸಿದವರ ಹಳೆಯ ಮನೆಗೆ ಹೋಗಿ ಬಾಗಿಲು ತಟ್ಟಿ, ಒಳಗಿನಿಂದ ಯಾರಾದರೂ ಬಂದಾರು ಎಂದು ಜಗಲಿಯಲ್ಲಿ ಕೂತವನ ಸ್ಥಿತಿ ಅದರದು. ಅವನಿಗೆ ಬಲವಾದ ಕಾಲು ಕೊಟ್ಟರೆ ಏನು ಪ್ರಯೋಜನ? ಕಾಯುವ ಕಂಪ್ಯೂಟರಿಗೆ ರ‍್ಯಾಮ್ ಹಾಕಿಸಿದರೂ ಅಷ್ಟೆ.

ಇದನ್ನು ಪತ್ತೆ ಮಾಡುವುದು ಸುಲಭ. ಕಂಟ್ರೋಲ್, ಶಿಫ್ಟ್, ಎಸ್ಕೇಪ್, ಈ ಮೂರು ಕೀಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಎಂಬ ಕಿಟಕಿ ತೆರೆಯುತ್ತದೆ. ಅದರಲ್ಲಿ ಓಡುತ್ತಿರುವ ಪ್ರೋಗ್ರಾಮುಗಳ ಪಟ್ಟಿ ಇರುತ್ತದೆ. ಪ್ರತಿ ಹೆಸರಿನ ಮುಂದೆ ಕೆಲವು ಅಂಕಿಗಳಿರುತ್ತವೆ. ಅಂಕಿಗಳ ಮೊದಲ ಅಂಕಣ ಸಿಪಿಯು, ಅಂದರೆ ಲೆಕ್ಕ ಹಾಕುವ ಭಾಗದ ದುಡಿಮೆ. ಈಗ ನಿಧಾನವಾದ ಫೈಲನ್ನು ತೆರೆಯಿರಿ. ಎಕ್ಸೆಲ್ ಎಂಬ ಸಾಲಿನ ಮೇಲೆ ಕಣ್ಣಿಡಿ. ಸಿಪಿಯು ಅಂಕಿ 10, 20, 25 ಹೀಗೆ ಏರಿ ಅಲ್ಲೇ ನಿಂತರೆ ಅದು ದುಡಿಯುತ್ತಿದೆ. ಸೊನ್ನೆ, ಒಂದು, ಎರಡರ ಆಸುಪಾಸಿನಲ್ಲೇ ಇದ್ದು ಫೈಲು ಮಾತ್ರ ಬರುತ್ತಿಲ್ಲ ಎಂದರೆ ಅದು ಕಾಯುತ್ತಿದೆ. ನೂರು ಆಗದಿದ್ದರೆ ದುಡಿಯುತ್ತಿಲ್ಲ ಎಂದು ತಿಳಿಯಬೇಡಿ. ಈಗಿನ ಸಿಪಿಯುಗಳಲ್ಲಿ ಹಲವು ಕೋರ್‌ಗಳಿರುತ್ತವೆ. ಒಂದೇ ಕೋರ್ ಪೂರ್ತಿ ದುಡಿದರೂ ಒಟ್ಟು ಅಂಕಿ 12ರ ಅಥವಾ 25ರ ಹತ್ತಿರ ನಿಲ್ಲಬಹುದು.

ಒಂದು ಎಚ್ಚರಿಕೆ. ಅಪ್‌ಗ್ರೇಡ್ ಆದ ಮೊದಲ ಒಂದೆರಡು ದಿನ ಈ ಪರೀಕ್ಷೆ ಮಾಡಬೇಡಿ. ಆಗ ವಿಂಡೋಸ್ ಹಿನ್ನೆಲೆಯಲ್ಲಿ ಅಪ್‌ಡೇಟ್ ಇಳಿಸಿಕೊಳ್ಳುತ್ತಿರುತ್ತದೆ. ಹುಡುಕಾಟಕ್ಕೆ ಬೇಕಾದ ಫೈಲುಗಳ ಸೂಚಿಯನ್ನು ಹೊಸದಾಗಿ ಬರೆದುಕೊಳ್ಳುತ್ತಿರುತ್ತದೆ. ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಇದ್ದರಂತೂ ಎಲ್ಲವೂ ತೆವಳುತ್ತದೆ. ಒಂದು ರಾತ್ರಿ ಮೆಷೀನನ್ನು ಆನ್ ಇಟ್ಟು ಹೋಗಿ. ಆ ಗದ್ದಲ ತಾನಾಗಿ ಇಳಿಯುತ್ತದೆ.

ಹಾಗಾದರೆ ಮೊದಲ ಹೆಜ್ಜೆ ತಿಳಿಯಿತು. ಸಿಪಿಯು ಅಂಕಿ ನೋಡಿ, ದುಡಿಮೆಯೋ ಕಾಯುವಿಕೆಯೋ ಎಂದು ಬೇರ್ಪಡಿಸಬೇಕು. ಅಪ್‌ಗ್ರೇಡಿನ ನಂತರ ನಾನು ಹೆಚ್ಚಾಗಿ ಕಂಡಿರುವುದು ಕಾಯುವಿಕೆ. ಅದನ್ನೇ ವಿವರವಾಗಿ ಹೇಳುತ್ತೇನೆ.

ಒಂದು ತಾಲ್ಲೂಕಿನ ಹಾಲು ಉತ್ಪಾದಕರ ಸಂಘ. ಹೆಸರು ಬೇಡ. ಅಲ್ಲಿ ಲೆಕ್ಕ ಬರೆಯುವ ಹೆಣ್ಣುಮಗಳು ಚುರುಕಿನವರು. ಹದಿನೈದು ದಿನಕ್ಕೊಮ್ಮೆ ಹಾಲು ಹಾಕುವವರಿಗೆ ಬಟವಾಡೆ ಆಗಬೇಕು. ಅದರ ಪೂರಾ ಲೆಕ್ಕ ಒಂದು ಎಕ್ಸೆಲ್ ಫೈಲಿನಲ್ಲಿದೆ. ಲೀಟರು, ಫ್ಯಾಟು, ದರ, ಪಶು ಆಹಾರದ ಕಡಿತ, ಸಾಲದ ಕಡಿತ, ಎಲ್ಲ ಅದರಲ್ಲೇ. ವಿಂಡೋಸ್ ಬದಲಾದ ಮೇಲೆ ಆ ಫೈಲು ಒಂದೂವರೆ ನಿಮಿಷ ತೆಗೆದುಕೊಳ್ಳುತ್ತಿತ್ತು. "ಡಬಲ್ ಕ್ಲಿಕ್ ಮಾಡಿ ಎದ್ದು ಹೋಗಿ, ಕ್ಯಾನು ಲೆಕ್ಕ ನೋಡ್ಕೊಂಡು ಬರ್ತೀನಿ ಸಾರ್. ಅಷ್ಟೊತ್ತಿಗೆ ಬಂದಿರುತ್ತೆ" ಎಂದರು. ಕಾರ್ಯದರ್ಶಿಯವರು ಆಗಲೇ ಹೊಸ ರ‍್ಯಾಮಿನ ಕೊಟೇಷನ್ ತರಿಸಿದ್ದರು.

ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದೆವು. ಎಕ್ಸೆಲ್ ಹೆಸರಿನ ಮುಂದೆ ಸಿಪಿಯು ಒಂದು ಪರ್ಸೆಂಟು. ನೆನಪಿಡಿ, ಬರೀ ಒಂದು. ಕಂಪ್ಯೂಟರ್ ಸುಮ್ಮನೆ ಕೂತಿತ್ತು. ಯಾರನ್ನು ಕಾಯುತ್ತಿತ್ತು?

ಮೊದಲನೆಯದಾಗಿ, ಪ್ರಿಂಟರನ್ನು. ಇದು ಹಲವರಿಗೆ ಗೊತ್ತಿರದ ವಿಷಯ. ಫೈಲು ತೆರೆಯುವುದಕ್ಕೂ ಪ್ರಿಂಟರಿಗೂ ಏನು ಸಂಬಂಧ? ಇದೆ. ಪುಟ ಎಲ್ಲಿ ಮುಗಿಯುತ್ತದೆ, ಅಂಚು ಎಷ್ಟು, ಒಂದು ಹಾಳೆಯಲ್ಲಿ ಎಷ್ಟು ಸಾಲು ಹಿಡಿಯುತ್ತದೆ ಎಂಬುದನ್ನು ತಿಳಿಯಲು ಎಕ್ಸೆಲ್ ನಿಮ್ಮ ಡೀಫಾಲ್ಟ್ ಪ್ರಿಂಟರಿನ ಡ್ರೈವರನ್ನು ವಿಚಾರಿಸುತ್ತದೆ. ನೀವು ಪ್ರಿಂಟ್ ಕೊಡದಿದ್ದರೂ ವಿಚಾರಿಸುತ್ತದೆ. ಪ್ರಿಂಟರ್ ಪಕ್ಕದಲ್ಲೇ ಇದ್ದರೆ ಕ್ಷಣದಲ್ಲಿ ಉತ್ತರ. ಆದರೆ ಡೀಫಾಲ್ಟ್ ಪ್ರಿಂಟರ್ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿದ್ದಾಗಿದ್ದು, ಆ ಕಂಪ್ಯೂಟರ್ ಆಫ್ ಆಗಿದ್ದರೆ? ಅಥವಾ ಅದನ್ನು ಗುಜರಿಗೇ ಹಾಕಿದ್ದರೆ? ಎಕ್ಸೆಲ್ ಕೇಳುತ್ತದೆ. ಉತ್ತರ ಇಲ್ಲ. ಕಾಯುತ್ತದೆ. ನಿಗದಿತ ಹೊತ್ತು ಕಳೆದ ಮೇಲೆ ಕೈಬಿಟ್ಟು ಮುಂದಕ್ಕೆ ಹೋಗುತ್ತದೆ.

ಆ ಸಂಘದಲ್ಲಿ ಆದದ್ದು ಇದೇ. ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಮೊದಲು ಮೂಲೆಯ ಕಂಪ್ಯೂಟರಿಗೆ ಜೋಡಿಸಿತ್ತು. ಆ ಕಂಪ್ಯೂಟರ್ ಈಗ ಇಲ್ಲ. ಅಪ್‌ಗ್ರೇಡ್ ಆದಾಗ ಪ್ರಿಂಟರಿನ ಹೆಸರು ಮಾತ್ರ ಹಾಗೇ ಉಳಿದು ಬಂದಿತ್ತು.

ಇದನ್ನು ಸರಿಪಡಿಸುವುದು ಹೀಗೆ. ಸೆಟ್ಟಿಂಗ್ಸ್ ತೆರೆಯಿರಿ. ಬ್ಲೂಟೂತ್ ಅಂಡ್ ಡಿವೈಸಸ್ ಎಂಬ ವಿಭಾಗಕ್ಕೆ ಹೋಗಿ. ಅಲ್ಲಿ ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್ ಸಿಗುತ್ತದೆ. ಒಳಗೆ ಒಂದು ಸ್ವಿಚ್ಚಿದೆ. ಡೀಫಾಲ್ಟ್ ಪ್ರಿಂಟರನ್ನು ವಿಂಡೋಸ್ ತಾನೇ ನೋಡಿಕೊಳ್ಳಲಿ ಎಂಬ ಅರ್ಥದ್ದು. ಅದನ್ನು ಆಫ್ ಮಾಡಿ. ಅದು ಆನ್ ಇದ್ದರೆ ನೀವು ಕೊನೆಯ ಸಲ ಬಳಸಿದ ಪ್ರಿಂಟರೇ ಡೀಫಾಲ್ಟ್ ಆಗಿಬಿಡುತ್ತದೆ. ಆಮೇಲೆ ಪಟ್ಟಿಯಲ್ಲಿ ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್ ಎಂಬ ಹೆಸರು ಹುಡುಕಿ, ಅದನ್ನೇ ಡೀಫಾಲ್ಟ್ ಮಾಡಿ. ಅದು ಕಂಪ್ಯೂಟರಿನ ಒಳಗೇ ಇರುವ ಪ್ರಿಂಟರ್. ಕೇಳಿದ ತಕ್ಷಣ ಉತ್ತರ ಕೊಡುತ್ತದೆ. ಈಗ ಫೈಲು ತೆರೆದು ನೋಡಿ. ಬೇಗ ಬಂದರೆ ಕಳ್ಳ ಸಿಕ್ಕ. ಕಾಗದದ ಮೇಲೆ ಬೇಕಾದಾಗ ನಿಮ್ಮ ನಿಜವಾದ ಪ್ರಿಂಟರನ್ನು ಆರಿಸಿಕೊಳ್ಳಿ. ಆದರೆ ಪ್ರಿಂಟರ್ ಬದಲಾದಾಗ ಪುಟ ಮುರಿಯುವ ಜಾಗವೂ ಸ್ವಲ್ಪ ಆಚೀಚೆ ಆಗಬಹುದು. ರಿಜಿಸ್ಟರಿಗೆ ಅಂಟಿಸುವ ಹಾಳೆಯಾದರೆ ಒಮ್ಮೆ ಪ್ರಿವ್ಯೂ ನೋಡಿಯೇ ಪ್ರಿಂಟ್ ಕೊಡಿ.

ಸಂಘದ ಫೈಲು ಇಷ್ಟಕ್ಕೇ ಅರ್ಧ ಹೊತ್ತಿನಲ್ಲಿ ತೆರೆಯಿತು. ಪೂರ್ತಿ ಸರಿಯಾಗಲಿಲ್ಲ. ಇನ್ನೂ ಯಾರಿಗೋ ಕಾಯುತ್ತಿತ್ತು.

ಇಲ್ಲಿಯವರೆಗೆ ಕೇಳಿದ್ದನ್ನು ಒಮ್ಮೆ ನೆನಪು ಮಾಡಿಕೊಳ್ಳೋಣ. ಸಿಪಿಯು ಸುಮ್ಮನಿದ್ದರೆ ಎಕ್ಸೆಲ್ ಕಾಯುತ್ತಿದೆ. ಮೊದಲು ಅನುಮಾನಿಸಬೇಕಾದ್ದು ಡೀಫಾಲ್ಟ್ ಪ್ರಿಂಟರನ್ನು. ಎರಡನೆಯ ಅನುಮಾನ ಲಿಂಕುಗಳ ಮೇಲೆ.

ಲಿಂಕ್ ಎಂದರೇನು? ನಿಮ್ಮ ಫೈಲು ಇನ್ನೊಂದು ಫೈಲಿನಿಂದ ಅಂಕಿ ತರಿಸಿಕೊಳ್ಳುವುದು. ಬಟವಾಡೆ ಫೈಲು ದರದ ಪಟ್ಟಿಯನ್ನು ಬೇರೆ ಫೈಲಿನಿಂದ ಓದುತ್ತದೆ ಎಂದಿಟ್ಟುಕೊಳ್ಳಿ. ಆ ಸೂತ್ರದೊಳಗೆ ದರದ ಫೈಲಿನ ಪೂರ್ತಿ ವಿಳಾಸ ಬರೆದಿರುತ್ತದೆ. ಯಾವ ಕಂಪ್ಯೂಟರು, ಯಾವ ಡ್ರೈವು, ಯಾವ ಫೋಲ್ಡರು, ಎಲ್ಲ. ಅಪ್‌ಗ್ರೇಡಿನಲ್ಲಿ ಆ ವಿಳಾಸವೇ ಬದಲಾಗುತ್ತದೆ. ಹಳೆಯ ಸರ್ವರಿನ ಹೆಸರು ಹೋಗುತ್ತದೆ. ಝಡ್ ಡ್ರೈವ್ ಎಂದು ಇದ್ದದ್ದು ಮತ್ತೆ ಜೋಡಣೆಯಾಗುವುದಿಲ್ಲ. ಫೈಲು ಮಾತ್ರ ಹಳೆಯ ವಿಳಾಸವನ್ನೇ ಹುಡುಕುತ್ತದೆ. ಹೀಗೆ ಇಲ್ಲದ ಸರ್ವರನ್ನು ಹುಡುಕುವಾಗ ವಿಂಡೋಸ್ ಬೇಗ ಕೈಚೆಲ್ಲುವುದಿಲ್ಲ. ಹಲವು ದಾರಿಗಳಲ್ಲಿ ಕರೆದು ನೋಡುತ್ತದೆ. ಹತ್ತಾರು ಸೆಕೆಂಡು ಅದಕ್ಕೇ ಹೋಗುತ್ತದೆ.

ಇದರಲ್ಲಿ ಇನ್ನೊಂದು ಹೊಸ ತೊಡಕಿದೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಈಗ ಬಹಳ ಜನ ಇದರಲ್ಲಿ ಸಿಕ್ಕಿಬೀಳುತ್ತಿದ್ದಾರೆ. ಹೊಸ ವಿಂಡೋಸ್ ಹಾಕುವಾಗ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿರುತ್ತೀರಿ. ಆಗ ನಿಮ್ಮ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಫೋಲ್ಡರುಗಳನ್ನು ಒನ್‌ಡ್ರೈವ್ ತನ್ನ ಸುಪರ್ದಿಗೆ ತೆಗೆದುಕೊಂಡಿರಬಹುದು. ಪರದೆಯ ಮೇಲೆ ಎಲ್ಲವೂ ಮೊದಲಿನಂತೆಯೇ ಕಾಣುತ್ತದೆ. ಅದೇ ಡೆಸ್ಕ್‌ಟಾಪು, ಅದೇ ಫೈಲು. ಆದರೆ ಫೈಲಿನ ನಿಜವಾದ ವಿಳಾಸದ ನಡುವೆ ಒನ್‌ಡ್ರೈವ್ ಎಂಬ ಫೋಲ್ಡರೊಂದು ಸೇರಿಕೊಂಡಿರುತ್ತದೆ. ಇದರಿಂದ ಎರಡು ಪರಿಣಾಮ. ಬೇರೆ ಕಡೆಯಿಂದ ಈ ಫೈಲಿಗೆ ಇದ್ದ ಹಳೆಯ ಲಿಂಕುಗಳು ತಪ್ಪುತ್ತವೆ. ಅದಕ್ಕಿಂತ ಮುಖ್ಯವಾಗಿ, ಫೈಲು ನಿಮ್ಮ ಮೆಷೀನಿನಲ್ಲಿ ಪೂರ್ತಿಯಾಗಿ ಇಲ್ಲದೆಯೂ ಇರಬಹುದು. ಹೆಸರು ಮಾತ್ರ ಇಲ್ಲಿ, ಸರಕು ಇಂಟರ್ನೆಟ್ಟಿನಲ್ಲಿ. ನೀವು ತೆರೆದಾಗ ಅದು ಇಳಿದು ಬರಬೇಕು. ನಮ್ಮ ಹಳ್ಳಿಗಳ ನೆಟ್ಟು ಹೇಗಿದೆ ಎಂದು ನಿಮಗೇ ಗೊತ್ತು. ಮಳೆ ಬಂದ ದಿನ ಕೇಳುವುದೇ ಬೇಡ.

ಇದನ್ನು ಗುರುತಿಸುವುದು ಹೇಗೆ? ಫೋಲ್ಡರಿನಲ್ಲಿ ಫೈಲಿನ ಹೆಸರಿನ ಪಕ್ಕ ಪುಟ್ಟ ಮೋಡದ ಗುರುತಿದ್ದರೆ ಅದು ಇನ್ನೂ ಇಳಿದಿಲ್ಲ. ಹಸಿರು ಟಿಕ್ ಗುರುತಿದ್ದರೆ ಇಳಿದಿದೆ. ಮೋಡವಿದ್ದರೆ ಆ ಫೈಲಿನ ಮೇಲೆ, ಅಥವಾ ಇಡೀ ಲೆಕ್ಕದ ಫೋಲ್ಡರಿನ ಮೇಲೆ, ರೈಟ್ ಕ್ಲಿಕ್ ಮಾಡಿ. ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್ ಎಂಬ ಆಯ್ಕೆ ಒತ್ತಿ. ಒಮ್ಮೆ ಇಳಿದ ಮೇಲೆ ಅದು ನಿಮ್ಮಲ್ಲೇ ಇರುತ್ತದೆ. ಒನ್‌ಡ್ರೈವ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಡಿಸ್ಕ್ ಹಾಳಾದ ದಿನ ಅದೇ ನಿಮ್ಮನ್ನು ಕಾಪಾಡಬಹುದು. ದಿನವೂ ಬಳಸುವ ಫೈಲು ಕೈಗೆ ಸಿಗುವಂತಿರಲಿ ಎಂದಷ್ಟೇ ನನ್ನ ಮಾತು.

ಈಗ ಲಿಂಕುಗಳಿಗೆ ಮರಳೋಣ. ಫೈಲು ಹಳೆಯ ವಿಳಾಸಗಳನ್ನು ಹುಡುಕುತ್ತದೆ ಎಂದೆ. ಆ ವಿಳಾಸಗಳನ್ನು ನೋಡಬಹುದು. ಎಕ್ಸೆಲ್‌ನಲ್ಲಿ ಡೇಟಾ ಎಂಬ ಟ್ಯಾಬ್ ಒತ್ತಿ. ಎಡಿಟ್ ಲಿಂಕ್ಸ್ ಎಂದಿರುತ್ತದೆ. ಹೊಸ ಆವೃತ್ತಿಯಲ್ಲಿ ಅದರ ಹೆಸರು ವರ್ಕ್‌ಬುಕ್ ಲಿಂಕ್ಸ್. ಅದು ಮಸುಕಾಗಿದ್ದು ಒತ್ತಲು ಬಾರದಿದ್ದರೆ ಸಾಮಾನ್ಯವಾಗಿ ನಿಮ್ಮ ಫೈಲಿನಲ್ಲಿ ಲಿಂಕಿಲ್ಲ. ತೆರೆದರೆ ಪಟ್ಟಿ ಕಾಣುತ್ತದೆ. ಆ ಸಂಘದ ಫೈಲಿನಲ್ಲಿ ಹಲವು ಲಿಂಕುಗಳಿದ್ದವು. ಒಂದು ಮಾತ್ರ ಬೇಕಾದದ್ದು, ಈ ವರ್ಷದ ದರದ ಪಟ್ಟಿ. ಉಳಿದವು ವರ್ಷಗಳ ಹಿಂದೆ ಯಾರೋ ಕಾಪಿ ಪೇಸ್ಟ್ ಮಾಡಿದಾಗ ಜೊತೆಗೆ ಬಂದವು. ಕೆಲವು ಈ ಲೋಕದಲ್ಲೇ ಇಲ್ಲದ ಕಂಪ್ಯೂಟರಿಗೆ ಬೊಟ್ಟು ಮಾಡುತ್ತಿದ್ದವು.

ಬೇಕಾದ ಲಿಂಕಿಗೆ ಚೇಂಜ್ ಸೋರ್ಸ್ ಒತ್ತಿ ಹೊಸ ಜಾಗ ತೋರಿಸಿ. ಬೇಡದ್ದಕ್ಕೆ ಬ್ರೇಕ್ ಲಿಂಕ್. ಇಲ್ಲಿ ದಯವಿಟ್ಟು ನಿಲ್ಲಿ. ಬ್ರೇಕ್ ಲಿಂಕ್ ಒತ್ತಿದರೆ ಸೂತ್ರ ಹೋಗಿ ಬರೀ ಅಂಕಿ ಉಳಿಯುತ್ತದೆ. ಒತ್ತಿದ ಮೇಲೆ ಅನ್‌ಡು ಮಾಡಲು ಬರುವುದಿಲ್ಲ. ಆದ್ದರಿಂದ ಮೊದಲು ಫೈಲಿನ ಒಂದು ಕಾಪಿ ಬೇರೆ ಹೆಸರಿನಲ್ಲಿ ಇಟ್ಟುಕೊಳ್ಳಿ. ಜನರ ಹಣದ ಲೆಕ್ಕ ಅದು. ಒಂದು ದರ ಹಳೆಯದೇ ಉಳಿದುಬಿಟ್ಟರೆ ಬಡವರ ಹಾಲಿನ ದುಡ್ಡಿನಲ್ಲಿ ವ್ಯತ್ಯಾಸ ಬರುತ್ತದೆ. ವೇಗಕ್ಕಿಂತ ಅದು ದೊಡ್ಡ ವಿಷಯ.

ಪಟ್ಟಿಯಲ್ಲಿ ಲಿಂಕ್ ಕಾಣದಿದ್ದರೂ ಒಳಗೆ ಅಡಗಿರುವುದುಂಟು. ಕಂಟ್ರೋಲ್ ಮತ್ತು ಎಫ್ 3 ಒತ್ತಿದರೆ ನೇಮ್ ಮ್ಯಾನೇಜರ್ ಬರುತ್ತದೆ. ಅಲ್ಲಿ ಇಲ್ಲದ ಫೈಲನ್ನು ತೋರಿಸುವ ಹೆಸರುಗಳಿದ್ದರೆ, ಬಳಕೆಯಲ್ಲಿಲ್ಲ ಎಂದು ಖಚಿತ ಮಾಡಿಕೊಂಡು ಅಳಿಸಿ.

ಸಂಘದ ಫೈಲಿನ ಲಿಂಕುಗಳನ್ನು ಸರಿಮಾಡಿದ ಮೇಲೆ ಅದು ಐದಾರು ಸೆಕೆಂಡಿನಲ್ಲಿ ತೆರೆಯಿತು. ರ‍್ಯಾಮಿನ ಕೊಟೇಷನ್ ವಾಪಸ್ಸು ಹೋಯಿತು.

ಪ್ರಿಂಟರ್ ನೋಡಿದೆವು. ಲಿಂಕ್ ನೋಡಿದೆವು. ಒನ್‌ಡ್ರೈವ್ ನೋಡಿದೆವು. ಮೂರರಲ್ಲೂ ಇರುವುದು ಒಂದೇ ಗುಣ: ಎಕ್ಸೆಲ್ ಹೊರಗಿನವರ ಉತ್ತರಕ್ಕೆ ಕಾಯುವುದು. ಇದೇ ಜಾತಿಯ ಇನ್ನು ಕೆಲವನ್ನು ಬೇಗ ಬೇಗ ಹೇಳಿಬಿಡುತ್ತೇನೆ.

ಫೈಲು ನೆಟ್‌ವರ್ಕಿನಲ್ಲಿ, ಅಂದರೆ ಇನ್ನೊಂದು ಕಂಪ್ಯೂಟರಿನಲ್ಲಿ ಇದೆಯೇ? ಅದನ್ನು ನಿಮ್ಮ ಡೆಸ್ಕ್‌ಟಾಪಿಗೆ ಕಾಪಿ ಮಾಡಿ ತೆರೆದು ನೋಡಿ. ಇಲ್ಲಿ ಬೇಗ, ಅಲ್ಲಿ ನಿಧಾನ ಎಂದಾದರೆ ದೋಷ ಫೈಲಿನದಲ್ಲ, ದಾರಿಯದು. ಹೊಸ ವಿಂಡೋಸಿನಲ್ಲಿ ನೆಟ್‌ವರ್ಕಿನ ಭದ್ರತೆಯ ನಿಯಮಗಳು ಬಿಗಿಯಾಗಿವೆ. 2024ರಲ್ಲಿ ಬಂದ ವಿಂಡೋಸ್ 11ರ ಆವೃತ್ತಿಯಿಂದ, ಪ್ರೊದಂಥ ಕಚೇರಿ ಮಾದರಿಗಳಲ್ಲಿ, ಫೈಲು ಸರ್ವರಿನ ಜೊತೆಗಿನ ಮಾತುಕತೆಗೆ ಡಿಜಿಟಲ್ ಸಹಿಯನ್ನು ವಿಂಡೋಸ್ ಡೀಫಾಲ್ಟ್ ಆಗಿಯೇ ಕೇಳುತ್ತದೆ. ನೆಟ್‌ವರ್ಕಿಗೆ ಜೋಡಿಸಿದ ಹಳೆಯ ಸ್ಟೋರೇಜ್ ಪೆಟ್ಟಿಗೆಗಳು ಇದಕ್ಕೆ ಹೊಂದದೆ ತಡವರಿಸುತ್ತವೆ, ಕೆಲವು ಸೇರುವುದೇ ಇಲ್ಲ. ಇಂಥಲ್ಲಿ ಭದ್ರತೆಯನ್ನು ಸಡಿಲ ಮಾಡಿ ಎನ್ನುವವರು ಸಿಗುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಆ ಪೆಟ್ಟಿಗೆಯ ಸಾಫ್ಟ್‌ವೇರನ್ನು ಅಪ್‌ಡೇಟ್ ಮಾಡಿಸಿ.

ಡಬಲ್ ಕ್ಲಿಕ್ ಮಾಡಿದರೆ ನಿಧಾನ, ಆದರೆ ಮೊದಲು ಎಕ್ಸೆಲ್ ತೆರೆದು ಅದರೊಳಗಿನ ಓಪನ್‌ನಿಂದ ಹೋದರೆ ಬೇಗ. ಹೀಗೂ ಆಗುತ್ತದೆ. ಆಗ ವಿಂಡೋಸಿಗೂ ಎಕ್ಸೆಲ್‌ಗೂ ನಡುವಿನ ಕೊಂಡಿ ಸಡಿಲವಾಗಿದೆ ಎಂದರ್ಥ. ಸೆಟ್ಟಿಂಗ್ಸಿನಲ್ಲಿ ಆಪ್ಸ್, ಅಲ್ಲಿ ಆಫೀಸ್, ಮಾಡಿಫೈ, ಕ್ವಿಕ್ ರಿಪೇರಿ. ಕೆಲವೇ ನಿಮಿಷದ ಕೆಲಸ.

ಇನ್ನು ಆಡ್-ಇನ್. ಎಕ್ಸೆಲ್ ಜೊತೆಗೆ ತೆರೆಯುವ ಸಣ್ಣ ಪ್ರೋಗ್ರಾಮುಗಳಿವು. ಪಿಡಿಎಫ್ ಮಾಡುವಂಥವು, ಅಕೌಂಟಿಂಗ್ ಸಾಫ್ಟ್‌ವೇರಿನಿಂದ ಬಂದಂಥವು. ಹಳೆಯ ವಿಂಡೋಸಿಗೆ ಬರೆದದ್ದು ಹೊಸದರಲ್ಲಿ ತಡವರಿಸಬಹುದು. ಪರೀಕ್ಷೆ ಹೀಗೆ. ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ. ಬರುವ ಚಿಕ್ಕ ಪೆಟ್ಟಿಗೆಯಲ್ಲಿ ಎಕ್ಸೆಲ್ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ಓರೆ ಗೆರೆ ಹಾಕಿ, ಸೇಫ್ ಎಂದು ಬರೆಯಿರಿ. ಎಂಟರ್ ಒತ್ತಿ. ಎಕ್ಸೆಲ್ ಒಂಟಿಯಾಗಿ ತೆರೆಯುತ್ತದೆ, ಯಾವ ಆಡ್-ಇನ್ ಇಲ್ಲದೆ. ಈಗ ಫೈಲು ಬೇಗ ಬಂದರೆ ಆಡ್-ಇನ್‌ಗಳಲ್ಲೇ ಒಂದು ತಡೆ. ಆಪ್ಷನ್ಸಿಗೆ ಹೋಗಿ ಒಂದೊಂದಾಗಿ ತೆಗೆದು ನೋಡಿ.

ವಾಟ್ಸಾಪಿನಲ್ಲಿ ಅಥವಾ ಇಮೇಲ್‌ನಲ್ಲಿ ಬಂದ ಫೈಲಾದರೆ ವಿಂಡೋಸ್ ಅದರ ಮೇಲೆ ಹೊರಗಿನದು ಎಂಬ ಮುದ್ರೆ ಒತ್ತಿರುತ್ತದೆ. ಎಕ್ಸೆಲ್ ಅದನ್ನು ಪ್ರೊಟೆಕ್ಟೆಡ್ ವ್ಯೂನಲ್ಲಿ, ಅಂದರೆ ಮುಟ್ಟದಂತೆ ದೂರವಿಟ್ಟು ತೆರೆಯುತ್ತದೆ. ಕಳಿಸಿದವರು ಯಾರೆಂದು ಖಚಿತವಿದ್ದರೆ ಮಾತ್ರ ಫೈಲಿನ ಪ್ರಾಪರ್ಟೀಸ್ ತೆರೆದು ಅನ್‌ಬ್ಲಾಕ್ ಎಂಬ ಚೌಕಕ್ಕೆ ಗುರುತು ಹಾಕಿ. ಗೊತ್ತಿಲ್ಲದವರಿಂದ ಬಂದದ್ದಾದರೆ ನಿಧಾನವೇ ಇರಲಿ, ಆ ಮುದ್ರೆ ನಿಮ್ಮ ರಕ್ಷಣೆಗೆ ಇದೆ. ಆಂಟಿವೈರಸ್ ವಿಷಯವೂ ಹೀಗೇ. ಎರಡು ಆಂಟಿವೈರಸ್ ಒಟ್ಟಿಗೆ ಓಡುತ್ತಿದ್ದರೆ ಒಂದನ್ನು ತೆಗೆಸಿ. ಪೂರಾ ಆಫ್ ಮಾಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ.

ಇಷ್ಟು ಹೊತ್ತು ಹೇಳಿದ್ದೆಲ್ಲ ಕಾಯುವ ಎಕ್ಸೆಲ್ ಬಗ್ಗೆ. ಈಗ ದುಡಿಯುವ ಎಕ್ಸೆಲ್. ಸಿಪಿಯು ಅಂಕಿ ಏರಿ ನಿಂತಿದೆ, ಫೈಲು ಬರುತ್ತಿಲ್ಲ. ಇಲ್ಲಿ ಕಾರಣ ಫೈಲಿನ ಒಳಗೇ ಇದೆ.

ಅಪ್‌ಗ್ರೇಡಿಗೆ ನೇರವಾಗಿ ಸೇರಿದ ಒಂದು ಸಂಗತಿ ಇದರಲ್ಲಿದೆ. ಹಳೆಯ ಎಕ್ಸೆಲ್‌ನಲ್ಲಿ ಸೇವ್ ಮಾಡಿದ ಫೈಲನ್ನು ಹೊಸ ಎಕ್ಸೆಲ್ ತೆರೆದಾಗ, ಅದು ಎಲ್ಲ ಸೂತ್ರಗಳನ್ನೂ ಮೊದಲಿನಿಂದ ಲೆಕ್ಕ ಹಾಕುತ್ತದೆ. ಹಳೆಯ ಉತ್ತರಗಳನ್ನು ಹಾಗೇ ನಂಬುವುದಿಲ್ಲ. ಲೆಕ್ಕ ಮುಗಿದ ಮೇಲೆ ನೀವು ಫೈಲನ್ನು ನೋಡುತ್ತೀರಿ, ಮುಚ್ಚುತ್ತೀರಿ. ಮುಚ್ಚುವಾಗ ಅದು ಕೇಳುತ್ತದೆ, ಸೇವ್ ಮಾಡಲೇ ಎಂದು. ನೀವು ಏನೂ ಬದಲಿಸಿಲ್ಲ. ಆದ್ದರಿಂದ ಬೇಡ ಎನ್ನುತ್ತೀರಿ. ಇದು ಒಳ್ಳೆಯ ಗುಮಾಸ್ತರ ಅಭ್ಯಾಸ. ಮುಟ್ಟದ ಲೆಕ್ಕವನ್ನು ಯಾಕೆ ಸೇವ್ ಮಾಡಬೇಕು ಎಂಬ ಎಚ್ಚರ. ಆದರೆ ಇಲ್ಲಿ ಅದೇ ಅಡ್ಡ ಬರುತ್ತದೆ. ಫೈಲು ಹಳೆಯದಾಗಿಯೇ ಉಳಿಯುತ್ತದೆ. ನಾಳೆ ಮತ್ತೆ ಪೂರಾ ಲೆಕ್ಕ. ನಾಡಿದ್ದೂ ಅದೇ. ಕಾಪಿ ಒಂದು ತೆಗೆದಿಟ್ಟು, ಮೊತ್ತಗಳು ಸರಿಯಿವೆ ಎಂದು ತಾಳೆ ನೋಡಿ, ಒಮ್ಮೆ ಸೇವ್ ಮಾಡಿ. ಮರುದಿನದಿಂದ ಬೇಗ ತೆರೆಯಬಹುದು.

ಸೇವ್ ಮಾಡಿದರೂ ಪ್ರತಿ ಸಲ ಹೀಗೇ ಕೇಳುತ್ತಿದ್ದರೆ? ಆಗ ನಿಮ್ಮ ಶೀಟಿನಲ್ಲಿ ಸುಮ್ಮನೆ ಕೂರದ ಸೂತ್ರಗಳಿವೆ. ಟುಡೇ, ನೌ, ಆಫ್‌ಸೆಟ್, ಇಂಡೈರೆಕ್ಟ್ ಎಂಬ ಹೆಸರಿನವು. ಎಲ್ಲಿ ಏನು ಬದಲಾದರೂ ಇವು ಮತ್ತೆ ಲೆಕ್ಕಕ್ಕೆ ನಿಲ್ಲುತ್ತವೆ, ಫೈಲು ತೆರೆದಾಗಲೂ ಅಷ್ಟೆ. ಇವತ್ತಿನ ತಾರೀಕು ಬೇಕಾದರೆ ಸಾವಿರ ಸಾಲಿನಲ್ಲೂ ಟುಡೇ ಬರೆಯಬೇಡಿ. ಒಂದು ಮನೆಯಲ್ಲಿ, ಅಂದರೆ ಒಂದು ಸೆಲ್‌ನಲ್ಲಿ ಬರೆದು, ಉಳಿದವು ಅದನ್ನೇ ನೋಡುವಂತೆ ಮಾಡಿ.

ಹಾಗೆಯೇ ಇಡೀ ಅಂಕಣವನ್ನು ತೋರಿಸುವ ಸೂತ್ರಗಳು. ಹಳೆಯ ಎಕ್ಸ್‌ಎಲ್‌ಎಸ್ ಫೈಲಿನಲ್ಲಿ ಒಂದು ಅಂಕಣಕ್ಕೆ ಸುಮಾರು 65 ಸಾವಿರ ಸಾಲು. 2007ರಿಂದ ಬಂದ ಎಕ್ಸ್‌ಎಲ್‌ಎಸ್‌ಎಕ್ಸ್ ಫೈಲಿನಲ್ಲಿ 10 ಲಕ್ಷಕ್ಕೂ ಮೇಲೆ. ನಿಮ್ಮ ಸದಸ್ಯರು 400 ಇದ್ದರೆ ಸೂತ್ರ 500 ಸಾಲಿನವರೆಗೆ ನೋಡಿದರೆ ಸಾಕು.

ದುಡಿಮೆ ಹೆಚ್ಚಿಸುವ ಇನ್ನೊಂದು ಸಂಗತಿ ಕಣ್ಣಿಗೇ ಬೀಳುವುದಿಲ್ಲ. ಕಂಟ್ರೋಲ್ ಮತ್ತು ಎಂಡ್ ಕೀ ಒತ್ತಿ. ಕರ್ಸರ್ ನಿಮ್ಮ ಶೀಟಿನ ಕೊನೆಯ ಮನೆಗೆ ಹಾರುತ್ತದೆ. ನಿಮ್ಮ ಲೆಕ್ಕ 400 ಸಾಲಿಗೆ ಮುಗಿಯುತ್ತದೆ, ಆದರೆ ಅದು 60 ಸಾವಿರದ ಸಾಲಿಗೆ ಹೋಗಿ ನಿಂತಿತು ಎನ್ನಿ. ಅಂದರೆ ಯಾವಾಗಲೋ ಅಲ್ಲಿಯವರೆಗೂ ಬಣ್ಣವೋ ಗೆರೆಯೋ ಹಾಕಿದ್ದೀರಿ. ಖಾಲಿ ಕಾಣುವ ಆ ಸಾಲುಗಳನ್ನೂ ಎಕ್ಸೆಲ್ ಹೊತ್ತು ತರುತ್ತಿದೆ. ಬೇಡದ ಸಾಲುಗಳನ್ನು ಆರಿಸಿ ಡಿಲೀಟ್ ಮಾಡಿ, ಸೇವ್ ಮಾಡಿ. ಫೈಲಿನ ಗಾತ್ರವೇ ಇಳಿಯುತ್ತದೆ. ವೆಬ್ ಪುಟದಿಂದ ಕಾಪಿ ಮಾಡಿ ಅಂಟಿಸಿದ ಶೀಟುಗಳಲ್ಲಿ ಕಾಣದ ಚಿತ್ರದ ಚೂರುಗಳೂ ಸೇರಿರುತ್ತವೆ. ಆಲ್ಟ್ ಮತ್ತು ಎಫ್ 10 ಒತ್ತಿದರೆ ಬದಿಯಲ್ಲಿ ಅವುಗಳ ಪಟ್ಟಿ ಬರುತ್ತದೆ. ನಿಮ್ಮ ಸಂಘದ ಲೋಗೋ ಮತ್ತು ಬಟನ್ನುಗಳನ್ನು ಬಿಟ್ಟು ಉಳಿದದ್ದು ತೆಗೆಯಿರಿ.

ಒಂದು ಮಾತು ಕನ್ನಡದ ಅಕ್ಷರದ ಬಗ್ಗೆ. ಇದು ವೇಗದ ವಿಷಯವಲ್ಲ, ಆದರೆ ಅಪ್‌ಗ್ರೇಡಿನ ಜೊತೆಗೇ ಬರುವ ದೂರು. ಫೈಲು ತೆರೆಯಿತು, ಹೆಸರುಗಳೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರವಾಗಿವೆ ಎನ್ನುತ್ತಾರೆ. ಗಾಬರಿ ಬೇಡ. ಲೆಕ್ಕ ಹಾಳಾಗಿಲ್ಲ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದು, ಆ ಫಾಂಟು ಹೊಸ ಮೆಷೀನಿನಲ್ಲಿಲ್ಲ, ಅಷ್ಟೆ. ಮತ್ತೆ ಹಾಕಿಸಿದರೆ ಸರಿಯಾಗುತ್ತದೆ. ಯೂನಿಕೋಡ್‌ನಲ್ಲಿ ತುಂಗಾ ಫಾಂಟು ಬಳಸಿದವರಿಗೆ ಅಕ್ಷರ ಓದಲು ಬರುತ್ತದೆ, ಆದರೆ ಆಕಾರ, ಸಾಲಿನ ಎತ್ತರ ಬದಲಾಗಿರಬಹುದು. ಈಗಿನ ವಿಂಡೋಸಿನಲ್ಲಿ ತುಂಗಾ ತಾನಾಗಿ ಬರುವುದಿಲ್ಲ. ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡದ ಪೂರಕ ಫಾಂಟುಗಳೆಂದು ಕೇಳಿ ಪಡೆಯಬೇಕು. ಹೊಸ ಶೀಟುಗಳನ್ನಾದರೂ ಯೂನಿಕೋಡಿನಲ್ಲೇ ಬರೆಯಿರಿ ಎಂದು ನಾನು ಕೈಮುಗಿದು ಕೇಳುತ್ತೇನೆ. ಮುಂದಿನ ಅಪ್‌ಗ್ರೇಡಿನಲ್ಲಿ ನಿಮ್ಮ ಸದಸ್ಯರ ಹೆಸರು ಹೆಸರಾಗಿಯೇ ಉಳಿಯುತ್ತದೆ.

ಕಾಯುವಿಕೆಯನ್ನು ನೋಡಿದೆವು, ದುಡಿಮೆಯನ್ನು ನೋಡಿದೆವು. ಇಷ್ಟೂ ಮಾಡಿ, ಖಾಲಿ ಎಕ್ಸೆಲ್ ಕೂಡ ನಿಧಾನ, ಬ್ರೌಸರ್ ಕೂಡ ನಿಧಾನ, ಎಲ್ಲವೂ ನಿಧಾನ ಎಂದಾದರೆ ಆಗ ಯಂತ್ರಕ್ಕೆ ಖರ್ಚು ಮಾಡಿ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್ ಸಾಕೆಂದು ಹೇಳುತ್ತಾರೆ. ಕಚೇರಿಯ ಕೆಲಸಕ್ಕೆ ಅದು ಸಾಲದು, 8 ಇರಲಿ. ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಮೊದಲ ದುಡ್ಡು ಎಸ್‌ಎಸ್‌ಡಿಗೆ ಹೋಗಲಿ.

ಕೊನೆಯದಾಗಿ, ಇನ್ನೂ ಅಪ್‌ಗ್ರೇಡ್ ಮಾಡಿಸದ ಕೇಳುಗರಿಗೆ. ಇಂಜಿನಿಯರ್ ಬರುವ ಮೊದಲೇ ಒಂದು ಹಾಳೆ ತೆಗೆದುಕೊಳ್ಳಿ. ಡೀಫಾಲ್ಟ್ ಪ್ರಿಂಟರ್ ಯಾವುದು, ಬರೆಯಿರಿ. ಯಾವ ಅಕ್ಷರದ ಡ್ರೈವ್ ಯಾವ ಕಂಪ್ಯೂಟರಿನದು, ಬರೆಯಿರಿ. ಮುಖ್ಯ ಫೈಲುಗಳ ಲಿಂಕ್ ಪಟ್ಟಿ ತೆರೆದು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ದೊಡ್ಡ ಫೈಲು ಈಗ ಎಷ್ಟು ಸೆಕೆಂಡಿನಲ್ಲಿ ತೆರೆಯುತ್ತದೆ ಎಂದೂ ಬರೆದಿಡಿ. ಅಪ್‌ಗ್ರೇಡ್ ಆದ ಮೇಲೆ, ಇಂಜಿನಿಯರ್ ಎದ್ದು ಹೋಗುವ ಮುನ್ನ, ಅವರ ಎದುರೇ ಆ ಫೈಲುಗಳನ್ನು ತೆರೆದು ನೋಡಿ. ಇದ್ದ ಮೆಷೀನಿನಲ್ಲೇ ಅಪ್‌ಗ್ರೇಡ್ ಮಾಡಿದ್ದರೆ ಹಳೆಯ ವಿಂಡೋಸಿಗೆ ಮರಳಲು ಸಾಮಾನ್ಯವಾಗಿ 10 ದಿನ ಅವಕಾಶವಿರುತ್ತದೆ. ಆದ್ದರಿಂದ ಬಟವಾಡೆಗೋ ಸಂಬಳದ ಬಿಲ್ಲಿಗೋ ಒಂದು ವಾರ ಮೊದಲು ಮಾಡಿಸಿ, ಹಿಂದಿನ ದಿನ ಮಾತ್ರ ಬೇಡ. ಹೊಸ ಮೆಷೀನ್ ಆಗಿದ್ದರೆ ಒಂದು ತಿಂಗಳ ಲೆಕ್ಕ ಪೂರ್ತಿ ಮುಗಿದು ತಾಳೆಯಾಗುವವರೆಗೆ ಹಳೆಯ ಹಾರ್ಡ್ ಡಿಸ್ಕನ್ನು ಯಾರಿಗೂ ಕೊಡಬೇಡಿ, ಅಳಿಸಲೂಬೇಡಿ.